ಓರ್ರಿಯ ಗಾಡಿಯಲ್ಲಿ ಕುಡಿದ ಕಾಫಿ

ಸೆಲ್ಫಾಸ್, ಮಾರ್ಚ್ ೧೪

ನನ್ನ ಮುದ್ದು ಸೋಲ್ವೇಗ್,

ಹೇಗಿದ್ದೀಯ ಕಂದಾ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಮೊದಲು ಜೀಪಿನ ಗೇರ್‌ಬಾಕ್ಸ್ ಬಿಚ್ಚಿ ಹಾಕಿಕೊಂಡಿದ್ದೆ, ಆಮೇಲೆ ನೆಗಡಿ, ಆಮೇಲೆ ಬರೀ ಸೋಮಾರಿತನ. ನಾರ್ವೆಗೆ ಒಂದು ಫೋನು ಮಾಡಲು ಏನು ಧಾಡಿ ಅನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಒಂದು ಮಾತಾದರೂ ಮುಗಿಸಲು ಬಿಟ್ಟಿದ್ದೀಯಾ? ಥೇಟ್ ನಿನ್ನ ಅಮ್ಮ. ಈ ಸಲದ ವಿಷಯ ಪೂರ್ತಿ ಹೇಳಬೇಕಾದದ್ದು, ಅದಕ್ಕೇ ಕಾಗದ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನಗೆ ಕೊಟ್ಟ ಮಾತು ಮುರಿದೆ. ಓರ್ರಿಯ ಜೊತೆ ಮಾತಾಡಿದೆ. ಹರಿದು ಹಾಕಬೇಡ, ಓದು! ಅವನು ನಿನ್ನನ್ನು ಬಿಟ್ಟು ಹೋದಾಗ, "ಅಪ್ಪಾ, ಇನ್ನು ಅವನ ಹತ್ತಿರ ಒಂದು ಮಾತೂ ಆಡಕೂಡದು" ಅಂತ ನೀನು ಅಂದೆ. ನಾನು ಹೂಂ ಅಂದೆ. ಎರಡು ಚಳಿಗಾಲ ಆ ಮಾತು ಉಳಿಸಿಕೊಂಡೆ. ಒಂದೇ ಜೀಪ್ ಕ್ಲಬ್ಬು, ಒಂದೇ ಸಾಲಿನಲ್ಲಿ ಗಾಡಿ. ಅವನು ಎದುರಿಗೆ ಬಂದರೆ ಸಾಕು, ಬಗ್ಗಿ ನನ್ನ ಟೈರು ನೋಡುತ್ತಿದ್ದೆ. ನನ್ನ ಟೈರುಗಳ ಒಂದೊಂದು ಹಲ್ಲೂ ಈಗ ನನಗೆ ಪರಿಚಯ.

ಕಳೆದ ಶನಿವಾರ ಕ್ಲಬ್ಬಿನವರು ಲಾಂಗ್‌ಯೋಕುಲ್ ಹಿಮನದಿಗೆ ಹೊರಟೆವು. ಐದು ಜೀಪು. ಮುಂದೆ ದಾರಿ ತೋರಲು ವಿಗ್ದಿಸ್, ನಾಲ್ಕನೆಯದು ನಾನು ಮತ್ತು ನಿನ್ನ ಅಮ್ಮ, ನಮ್ಮ ಬೆನ್ನಿಗೇ ಓರ್ರಿ. ಎಂಥ ಬಿಸಿಲು ಅಂತೀಯ! ಹಿಮ ಶುರುವಾಗುವಲ್ಲಿ ಎಲ್ಲರೂ ಇಳಿದು ಟೈರಿನ ಗಾಳಿ ಇಳಿಸಿದೆವು, ಟೈರು ಅದುಮಿದ ಹಿಟ್ಟಿನುಂಡೆಯಂತೆ ಅಗಲವಾಗುವ ತನಕ. ಆಮೇಲೆ ಗಾಡಿ ಹಿಮದ ಮೇಲೆ ತೇಲಿಕೊಂಡು ಹೋಯಿತು. ಮೊಣಕಾಲು ನೋವು, ರಕ್ತದೊತ್ತಡ, ಎಲ್ಲ ಮರೆತೇ ಹೋಯಿತು. ಹಾಡೂ ಹೇಳಿದೆ. ನಿನ್ನ ಅಮ್ಮ ಕಿಟಕಿ ಇಳಿಸಿದಳು.

ಅಷ್ಟರಲ್ಲಿ ರೇಡಿಯೋದಲ್ಲಿ ವಿಗ್ದಿಸ್, "ಎಲ್ಲರೂ ಎಡಕ್ಕೇ ಬನ್ನಿ, ಬಲಗಡೆ ಹಿಮದಡಿ ನೀರಿದೆ" ಅಂದಳು. ನನಗೆ ಬಲಗಡೆ ಗಟ್ಟಿಯಾಗಿಯೇ ಕಂಡಿತು, ಬಲಕ್ಕೇ ತಿರುಗಿಸಿದೆ.

"ಅವಳು ಎಡ ಅಂದ್ಲು" ಅಂದಳು ನಿನ್ನ ಅಮ್ಮ.

"ನಂಗೂ ಕಿವಿ ಇದೆ, ಹಲ್ಡೋರಾ."

"ಇದೆ. ಏನ್ ಪ್ರಯೋಜನ?"

ಅವಳ ಮಾತು ಮುಗಿಯುವ ಮೊದಲೇ ಧಡ್ ಅಂತ ಜೀಪಿನ ಮೂತಿ ಒಳಗೆ ಹೋಯಿತು. ದೀಪದವರೆಗೂ ಕೆಸರುಹಿಮ. ಮುಂದಿನವರು ದೂರ ಹೋಗಿದ್ದರು, ಹತ್ತಿರವಿದ್ದ ಗಾಡಿ ಒಂದೇ, ಓರ್ರಿಯದು. ಕ್ಲಬ್ಬಿನ ಕಟ್ಟಳೆ ನಿನಗೆ ಗೊತ್ತಲ್ಲ? ಹತ್ತಿರವಿದ್ದವನ ಹಗ್ಗವನ್ನೇ ಹಿಡಿಯಬೇಕು. ಎಳೆಸಿಕೊಂಡವನು ಎಳೆದವನ ಗಾಡಿಯಲ್ಲಿ ಕೂತು ಅವನ ಕಾಫಿ ಕುಡಿಯಬೇಕು. ಬೇಡ ಅನ್ನುವ ಹಾಗಿಲ್ಲ.

"ನೀನೇ ಹೇಳು ಅವನಿಗೆ" ಅಂದೆ. ನಿನ್ನ ಅಮ್ಮ ಮೈಕು ತಗೊಂಡು, ಐದೂ ಗಾಡಿಗೆ ಕೇಳುವ ಹಾಗೆ, "ಓರ್ರಿ, ನಮ್ಮ ಮುದುಕಂಗೆ ನಿನ್ ಜೊತೆ ಮಾತು ಬೇಡ್ವಂತೆ, ಹಗ್ಗ ಮಾತ್ರ ಬೇಕಂತೆ" ಅಂದಳು. ರೇಡಿಯೋ ತುಂಬ ನಗು. ನನ್ನ ಮಾನ ಹೋಯಿತು.

"ಆಯ್ತು ಅತ್ತೆ. ಹಗ್ಗಕ್ಕೇನು ಬಾಯಿದ್ಯಾ? ಈಗ್ಲೇ ತರ್ತೀನಿ" ಅಂದ ಅವನು.

ಎಳೆದ. ಜೀಪು ಮೇಲೆ ಬಂತು, ಆದರೆ ಮುಂದಿನ ಟೈರು ರಿಮ್ಮು ಬಿಟ್ಟು ಕಳಚಿಕೊಂಡಿತು. ಅವನು ಲೈಟರಿಗೆ ತುಂಬುವ ಗ್ಯಾಸು ತಂದು ಟೈರಿನೊಳಕ್ಕೆ ಬಿಟ್ಟ. ಬಿಡುತ್ತಲೇ ಇದ್ದ. ಕಡ್ಡಿ ಗೀರಿ, "ಮಾವ, ಹಿಂದೆ ಸರೀರಿ!" ಅಂದ. ಢಂ! ಸಿಡಿದ ರಭಸಕ್ಕೆ ಟೈರು ಉಬ್ಬಿ ರಿಮ್ಮಿಗೆ ಕೂತಿತು, ಜೊತೆಗೆ ಅವನ ಒಂದು ಹುಬ್ಬು ಸುಟ್ಟು ಹೋಯಿತು.

"ಗ್ಯಾಸ್ ಜಾಸ್ತಿ ಆಯ್ತಲ್ಲೋ ಕತ್ತೆ! ಕಣ್ಣು ಹೋಗಿದ್ರೆ?" ಅಂತ ಕಿರುಚಿದೆ. ನೋಡು, ಎರಡು ಚಳಿಗಾಲ ಕಾಪಾಡಿಕೊಂಡ ಮಾತು ಹೋಗಿದ್ದು ಹೀಗೆ. ಅವನು ಹಿಮದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ತಡೆಯಲಾಗಲಿಲ್ಲ.

ಆಮೇಲೆ ಅವನ ಗಾಡಿಯಲ್ಲಿ ಕೂತು ಕಾಫಿ ಕುಡಿದೆ. ವಾಪಸ್ಸು ಬಂದಾಗ ನಿನ್ನ ಅಮ್ಮ, "ಅಷ್ಟು ಹೊತ್ತು ಏನ್ ಮಾತಾಡಿದ್ರಿ?" ಅಂದಳು. "ಟೈರಿನ ವಿಷಯ" ಅಂದೆ. ಅವಳು ನನ್ನ ಮುಖ ನೋಡಿ ತನ್ನ ಕರವಸ್ತ್ರ ತೆಗೆದು ಕೊಟ್ಟಳು.

ಇಳಿಯುವಾಗ ಎಡಬಲ ನೋಡದೆ ವಿಗ್ದಿಸ್ ಹೇಳಿದ ದಾರಿಯಲ್ಲೇ ಬಂದೆ. ಸಂಜೆ ಎಲ್ಲರೂ ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತೆವು. ಈಗ ಕ್ಲಬ್ಬಿನಲ್ಲಿ ನನಗೆ 'ಬಲಗಡೆ ಸ್ಟೆಯ್ನಾರ್' ಅಂತ ಹೆಸರು ಬಿದ್ದಿದೆ. ಅನ್ನಲಿ ಬಿಡು.

ಚಳಿಗೆ ಸರಿಯಾಗಿ ಉಣ್ಣು, ಕಾಲಿಗೆ ಉಣ್ಣೆಯದೇ ಹಾಕು. ಅಮ್ಮ ಹೊಗೆಮಾಂಸ ಕಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇವೆ. ನೀನು ಎಲ್ಲಿದ್ದರೂ ನಿನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ, ಮಗಳೇ.

ನಿನ್ನ ಮೊಂಡ ಅಪ್ಪ,
ಸ್ಟೆಯ್ನಾರ್

ಮ.ವಿ.: ನಾವು ಮಾತಾಡಿದ್ದು ಟೈರಿನ ವಿಷಯವಲ್ಲ. ಕಾಫಿ ಬಗ್ಗಿಸುತ್ತಾ ಓರ್ರಿ, "ಮಾವ, ಮೇ ತಿಂಗಳಲ್ಲಿ ತಿನ್ನಾಗೆ ಹೆರಿಗೆ" ಅಂದ. ಅವನು ಈಗ ಅವಳ ಜೊತೆ ಇದ್ದಾನೆ, ನಿನಗೆ ಗೊತ್ತು. "ಇದು ಸೋಲ್ವೇಗ್‌ಗೆ ಊರವರ ಬಾಯಿಂದ ಗೊತ್ತಾಗಬಾರದು. ನನ್ನ ಮಾತು ಅವಳು ಕೇಳಲ್ಲ, ನೀವೇ ಹೇಳಿ" ಅಂದ. ಹೇಳಿದ್ದೇನೆ. ನಿನಗೆ ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೂ ಹೇಳಿದ್ದೇನೆ, ಕ್ಷಮಿಸು. ಅಮ್ಮನಿಗೆ ಇನ್ನೂ ಹೇಳಿಲ್ಲ, ನಿನಗೇ ಮೊದಲು ತಿಳಿಯಬೇಕಿತ್ತು.

ಆಮೇಲೆ ಅವನು, "ಪ್ರತಿ ರಾತ್ರಿ ಭಯ ಆಗತ್ತೆ ಮಾವ, ಇದೂ ಬಿರ್ತಾ ಥರ ಹೋಗ್ಬಿಟ್ರೆ ಅಂತ" ಅಂದ. ಬಿರ್ತಾ. ನಿಮ್ಮ ಕೂಸನ್ನು ಮಣ್ಣು ಮಾಡಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ, ನಿನಗೆ ನೋವಾದೀತು ಅಂತ. ಅವನು ಪಕ್ಕದ ಕೋಣೆಯಲ್ಲಿರುವ ಮಗುವನ್ನು ಕರೆದ ಹಾಗೆ ಕರೆದ. ನಾನು ಅತ್ತುಬಿಟ್ಟೆ. ಆ ಕೂಸನ್ನು ಎತ್ತಿಕೊಂಡ ಗಂಡಸರು ನಾವಿಬ್ಬರೇ ಅಲ್ಲವೇ? ಅವಳಿಗೆ ನನ್ನದೇ ಮೂಗಿತ್ತು ಅಂತ ನಾನು ಇನ್ಯಾರ ಹತ್ತಿರ ಹೇಳಲಿ?

ಫೋನು ಮಾಡಿ ಬೈಯಿ, ಮಧ್ಯೆ ಬಾಯಿ ಹಾಕುವುದಿಲ್ಲ. ಆದರೆ ಬೈಯುವ ಮೊದಲು ಒಂದು ಸಲ ಅವಳ ಹೆಸರು ಹೇಳು, ಕಂದಾ. ನಿನ್ನ ಬಾಯಿಂದ ಕೇಳಬೇಕು.