ಬ್ರೇಕ್ ಚೆನ್ನಾಗಿದೆ, ಮಾವ

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕ್ಷಮಿಸಿ. ನಿಮ್ಮೆದುರು ನಿಂತರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆದು ನಿಮ್ಮ ಕನ್ನಡಕದ ಕೆಳಗೆ ಇಡುತ್ತಿದ್ದೇನೆ. ಮೊಮ್ಮಗಳು ಪುಟ್ಟಿಯನ್ನು ಕಾರಿನಲ್ಲಿ ಶಾಲೆಗೆ ಬಿಡಲು ಹೊರಡುವ ಮೊದಲು ಓದಲೇಬೇಕು.

ಮದುವೆಯಾಗಿ ಬಂದ ಹೊಸತರಲ್ಲಿ ಕಾರಿನ ಬಾನೆಟ್ ಎತ್ತಿ ನನ್ನನ್ನು ಕರೆದವರು ನೀವು. ಟ್ಯಾಕ್ಸಿ ಓಡಿಸುತ್ತಲೇ ತಲೆ ನರೆತವರು, ನೆಂಟರ ಪರಿಚಯ ಮಾಡಿಕೊಡುವಂತೆ ಒಂದೊಂದನ್ನೂ ಮುಟ್ಟಿ ತೋರಿಸಿದಿರಿ. ಪೆಟ್ರೋಲ್ ಉರಿಸಿ ದುಡಿಯುವುದು ಇಂಜಿನ್. ಅದರ ಬಿಸಿ ಇಳಿಸುವುದು ರೇಡಿಯೇಟರ್. ಆ ದುಡಿಮೆಯನ್ನು ಹದ ನೋಡಿ ಚಕ್ರಕ್ಕೆ ಕೊಡುವುದು ಗೇರ್ ಬಾಕ್ಸ್. "ಕ್ಲಚ್ ಅಂದ್ರೆ ಅತ್ತೆ ಸೊಸೆ ನಡುವೆ ಸಿಕ್ಕಿಕೊಂಡಿರೋ ಗಂಡ ಕಣಮ್ಮ, ಮೊದಲು ಸವೆಯೋದು ಅವನೇ" ಅಂದಿರಿ. "ಸವೆದಿದ್ದು ನಾನು, ಇವರಲ್ಲ" ಅಂತ ಅತ್ತೆ ಒಳಗಿನಿಂದಲೇ ಅಂದರು. ಓಡಿಸಲು ಕಲಿಸಿದವರೂ ನೀವೇ, ಲೈಸೆನ್ಸ್ ಮಾಡಿಸಿದವರೂ ನೀವೇ.

ನಿನ್ನೆ ಸಂಜೆ ನೀವು ಓಡಿಸುತ್ತಿದ್ದ ಕಾರು ಗೇಟಿನ ಬಳಿ ನಿಲ್ಲದೆ ಗೋಡೆಗೆ ಗುದ್ದಿತು. ಒಳಗೆ ಕೂತಿದ್ದ ಪುಟ್ಟಿಯ ಹಣೆ ಊದಿಕೊಂಡಿತು. "ಬ್ರೇಕ್ ಕೈಕೊಡ್ತು" ಅಂದಿರಿ, ಎಲ್ಲರೂ ನಂಬಿದರು. ನಾನು ಬಾಗಿಲಲ್ಲೇ ನಿಂತಿದ್ದೆ ಮಾವ. ಗುದ್ದುವ ಮೊದಲು ಇಂಜಿನ್ ಅಬ್ಬರಿಸಿತು. ಬ್ರೇಕ್ ಸೋತರೆ ಇಂಜಿನ್ ಯಾಕೆ ಅಬ್ಬರಿಸಬೇಕು?

"ಒಂದೊಂದನ್ನೇ ನೋಡಿ ಪಕ್ಕಕ್ಕಿಡ್ತಾ ಹೋಗು, ಕೊನೇಲಿ ಉಳಿದದ್ದೇ ಕಳ್ಳ" ಎಂದು ಹೇಳಿಕೊಟ್ಟವರು ನೀವು. ಇವತ್ತು ಎಲ್ಲರೂ ಏಳುವ ಮೊದಲೇ ಹಾಗೇ ಮಾಡಿದೆ. ಬ್ರೇಕ್ ಆಯಿಲ್ ತುಂಬಿದೆ. ಚಕ್ರಗಳ ಬಳಿ ಸೋರಿಲ್ಲ. ಪೆಡಲ್ ಗಟ್ಟಿಯಾಗಿದೆ. ರಸ್ತೆಯ ಕೊನೆಯವರೆಗೆ ಓಡಿಸಿದೆ, ಒತ್ತಿದಲ್ಲೇ ನಿಂತಿತು.

ಉಳಿದದ್ದು ನಿಮ್ಮ ಬಲಗಾಲು.

ಕಳೆದ ವಾರ ಚಪ್ಪಲಿ ಅಂಗಳದಲ್ಲೇ ಕಳಚಿಬಿದ್ದದ್ದು ತಿಳಿಯದೆ ಒಂಟಿ ಚಪ್ಪಲಿಯಲ್ಲಿ ಒಳಗೆ ಬಂದಿರಿ. ನಾವೆಲ್ಲ ನಕ್ಕೆವು. ನೀವು ಮಾತ್ರ ಪಾದವನ್ನೇ ನೋಡುತ್ತಾ ನಿಂತಿರಿ. ನಿಮ್ಮ ಹಾಗೆ ಸಕ್ಕರೆ ಕಾಯಿಲೆ ಇದ್ದವರಿಗೆ ಪಾದ ಮರಗಟ್ಟುವುದುಂಟಂತೆ. ಆಗ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದರೂ ಕಾಲಿಗೆ ತಿಳಿಯದು. ನಿಮಗೂ ಗೊತ್ತಾಗಿದೆ ಅನಿಸುತ್ತದೆ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಬಾಯಿಂದಲೇ ಬರಲಿ. ಆದರೆ ಶಾಲೆಯ ದಾರಿ ಇಳಿಜಾರು, ಕೆಳಗೆ ಮಕ್ಕಳು ಗುಂಪು ಗುಂಪಾಗಿ ರಸ್ತೆ ದಾಟುತ್ತಾರೆ. ಇವತ್ತು ನೀವು ಓಡಿಸಬಾರದು. ಈ ಮಾತು ಬರೆದು ಎರಡು ಸಲ ಓದಿಕೊಂಡೆ, ಹೊಡೆದುಹಾಕುವುದಿಲ್ಲ. ಪಕ್ಕದಲ್ಲಿ ಕೂತು ನಾನು ಗೇರ್ ಹಾಕುವ ರೀತಿಗೆ ಬೇಕಾದಷ್ಟು ಬೈಯಿರಿ. ಪುಟ್ಟಿಯನ್ನು ಇಳಿಸಿ ಡಾಕ್ಟರ ಹತ್ತಿರ ಹೋಗೋಣ.

ನಿಮ್ಮ ಪಾದಕ್ಕೆ ನೆಲದ ತಂಪು ಮತ್ತೆ ತಿಳಿಯಲಿ ಎಂದು ಬೇಡುವ,
ನಿಮ್ಮ ಸೊಸೆ

ಬೆಳಿಗ್ಗೆಯೇ ಡ್ರೈವರ್ ಸೀಟನ್ನು ನನ್ನ ಕಾಲು ಎಟುಕುವಷ್ಟು ಮುಂದಕ್ಕೆ ಎಳೆದಿಟ್ಟಿದ್ದೇನೆ.