ಹತ್ತಕ್ಕೆ ಆರು

ಹೊಸಹಳ್ಳಿ
17 ಜುಲೈ 2025

ಪ್ರೀತಿಯ ಅಕ್ಕ,

ನಿನ್ನ ತಂಗಿಯ ನಮಸ್ಕಾರ. ಕವನಾ ಹೆತ್ತು ತಿಂಗಳಾದರೂ ನಿನ್ನ ಮೊಮ್ಮಗುವನ್ನು ನೋಡಲು ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನ ದೀಪಾಂಜಲಿ ನಗರ ಮೆಟ್ರೋದಲ್ಲಿ ಮೂರೇ ಸ್ಟೇಷನ್, ಕಾಗದ ಬರೆಯಲು ಇವಳಿಗೇನು ಹುಚ್ಚೇ ಅನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟರೆ ತಾನೆ!

ಕತ್ತು ನೋವು ಏನಾಯಿತು ಎಂದು ಕೇಳಿದ್ದೆಯಲ್ಲ. ಇಪ್ಪತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿಸಿದ ಕತ್ತು, ಮುಲಾಮು ಮಾತ್ರೆಗೆಲ್ಲ ಜಗ್ಗಲಿಲ್ಲ. ಕೊನೆಗೆ ಕುರುಬರಹಳ್ಳಿಯಲ್ಲಿ ಫಿಸಿಯೋಥೆರಪಿಗೆ ಹೋದೆ. ಅನು ಅಂತ ಹುಡುಗಿ. ಕರೆಂಟು ಗಿರೆಂಟು ಏನೂ ಕೊಡುವುದಿಲ್ಲ, ಬರೀ ಕೈ. ಮಲಗಿಸಿ, ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, "ಭಾರ ಪೂರ್ತಿ ನನ್ ಮೇಲೆ ಬಿಡಿ ಆಂಟಿ" ಅಂದಳು. ನನಗೆ ಬಿಡಲು ಬರಲಿಲ್ಲ. ಮೂರನೇ ಸಲ ಬಿಟ್ಟೆ. ಕಣ್ಣೀರು ಕಿವಿಗೆ ಇಳಿಯಿತು. ನೋವಾಯಿತಾ ಎಂದು ಕೇಳಿದಳು, ಹೂಂ ಅಂದೆ. ನೋವಾಗಿರಲಿಲ್ಲ.

ಪ್ರತಿ ಸಲ ಹತ್ತಕ್ಕೆ ಎಷ್ಟು ನೋವು ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಮೊದಲು ಎಂಟು ಅಂದೆ, ಆಮೇಲೆ ಆರು. ಅಲ್ಲಿಂದ ಆರೇ ಹೇಳುತ್ತಿದ್ದೇನೆ. ನಿಜ ಹೇಳಲಾ, ನೋವು ಹೋಗಿ ತಿಂಗಳಾಯಿತು. ಕತ್ತು ಆ ಕಡೆ ಈ ಕಡೆ ಸಲೀಸಾಗಿ ತಿರುಗುತ್ತದೆ. ಕಡಿಮೆಯಾಗಿದೆ ಎಂದರೆ ಇನ್ನು ಬರಬೇಡಿ ಅನ್ನುತ್ತಾಳಲ್ಲ. ನಮ್ಮ ಮನೆಯವರು ಹೋಗಿ ಎರಡು ವರ್ಷ, ಅಕ್ಕ. ಅಲ್ಲಿಂದ ನನ್ನನ್ನು ಯಾರೂ ಮುಟ್ಟಿಲ್ಲ. ದುಃಖ ಅಂತಲ್ಲ, ಏನೂ ಅನ್ನಿಸುವುದೇ ಇಲ್ಲ. ಉಣ್ಣುತ್ತೇನೆ, ಹೊಲಿಯುತ್ತೇನೆ, ಮಲಗುತ್ತೇನೆ. ಅವಳ ಕೈಯಲ್ಲಿ ತಲೆಯಿಟ್ಟ ಅರ್ಧ ಗಂಟೆ ಮಾತ್ರ ನನಗೂ ಒಂದು ಮೈ ಇದೆ ಅನ್ನಿಸುತ್ತದೆ.

ನಿನ್ನೆ ಅವಳು ಬರೆಯಲೇ ಇಲ್ಲ. "ಆಂಟಿ, ಕತ್ತು ಸರಿಹೋಗಿದೆ. ನನ್ ಕೈಗೆ ಗೊತ್ತಾಗುತ್ತೆ," ಅಂದಳು. ಬೈಯಲಿಲ್ಲ. ಶನಿವಾರ ಇನ್ನೊಂದು ಸಲ ಬನ್ನಿ, ಸಾಕು ಅಂದಳು.

ಬಾಣಂತಿಗೆ ತಲೆಗೆ ಬೆಚ್ಚಗೆ ಕಟ್ಟಿಸು. ಮಗುವಿಗೆ ನೂರು ವರ್ಷ ಆಯಸ್ಸಿರಲಿ.

ಇಂತಿ ನಿನ್ನ ತಂಗಿ,
ಲಕ್ಷ್ಮಿದೇವಮ್ಮ

ಇನ್ನೊಂದು ಮಾತು. ಕವನಾಳ ಸೀಮಂತದ ದಿನ ನೀನು ತಟ್ಟೆ ಹಿಡಿದು, ಸಾಲಾಗಿ ಕೂತ ಹೆಂಗಸರ ಕೆನ್ನೆಗೆಲ್ಲ ಅರಿಶಿನ ಹಚ್ಚುತ್ತಾ ಬಂದೆ. ಅವಳ ರವಿಕೆ ಹೊಲಿದು ತಂದ ಸಂಭ್ರಮದಲ್ಲಿ, ನಾನು ಈಗ ಆ ಸಾಲಿನವಳಲ್ಲ ಎನ್ನುವುದನ್ನೇ ಮರೆತು ಅಲ್ಲೇ ಕೂತಿದ್ದೆ. ಕತ್ತು ನೋಯುತ್ತಿದ್ದರೂ ಎತ್ತಿ ಕೆನ್ನೆ ಮುಂದೆ ಮಾಡಿದ್ದೆ. ನೀನು ನನ್ನನ್ನು ದಾಟಿ ಪಕ್ಕದವಳಿಗೆ ಹಚ್ಚಿದೆ. ಶಾಸ್ತ್ರ ನನಗೂ ಗೊತ್ತು, ಅರಿಶಿನ ಬೇಡವಾಗಿತ್ತು. ಬರಿಗೈ ಇಟ್ಟು ಹೋಗಿದ್ದರೂ ಸಾಕಿತ್ತು, ಅಕ್ಕ.