ಆಷಾಢಕ್ಕೆ ಮುಂಚೆ ಸುರಿದ ಮಾಳಿಗೆ

ಬೂದಿಗುಡ್ಡ ಕರಗಿದ ನಲವತ್ತನೆಯ ವರ್ಷ,
ನಿಮ್ಮ ಲೆಕ್ಕದಲ್ಲಿ 2118ರ ಜ್ಯೇಷ್ಠ

ಗದ್ದೆಪ್ಪ ಮುತ್ಯಾ,

ನಾನು ಹುಲಿಗೆಪ್ಪ, ನಿನ್ನ ಮೊಮ್ಮಗನ ಮೊಮ್ಮಗ. ಇನ್ನೂ ಹುಟ್ಟದವನ ಕಾಗದ ವಿಚಿತ್ರವೇ. ಕೆಲವು ಮಾತು ಹೊಸದೆನಿಸಿದರೆ ಹೊಟ್ಟೆಗೆ ಹಾಕಿಕೋ. ಸಿಟ್ಟನ್ನು ಮಾತ್ರ ಹಾಕಿಕೊಳ್ಳಬೇಡ, ಅದನ್ನು ನಿನಗೆಂದೇ ಬರೆದಿದ್ದೇನೆ.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ‘ಸೂರುಕೇಳು’ ಮಾಡುತ್ತೇವೆ. ಮನೆಯ ಹಿರಿಯರು ಏಣಿ ಹತ್ತಿ, ಒನಕೆಯ ತುದಿಯಿಂದ ಮಾಳಿಗೆಯನ್ನು ಕೆಳಗಿನಿಂದ ತಟ್ಟಿ ಕಿವಿಗೊಡುವುದು. ಗಟ್ಟಿ ಸದ್ದು ಬಂದರೆ ಹೆಂಗಸರು ಜೋಗುಳ ಎತ್ತುತ್ತಾರೆ. ಟೊಳ್ಳು ಸದ್ದು ಬಂದರೆ ಎಲ್ಲರೂ ಸುಮ್ಮನೆ ಅಂಗಳಕ್ಕೆ ನಡೆಯುತ್ತಾರೆ. ನಿಮ್ಮ ಕಾಲದ ಮನೆಗಳೇ ಕಲಿಸಿದ ಶಾಸ್ತ್ರ ಇದು. ಮೊನ್ನೆ ನನ್ನ ಮೊಮ್ಮಗಳು ಕೆಂಚಮ್ಮನ ಗಂಡುಕೂಸಿಗಾಗಿ ನಾನೇ ತಟ್ಟಿದೆ. ತಟ್ಟಿದಲ್ಲೆಲ್ಲ ಖಾಲಿ ಗಡಿಗೆಯ ಸದ್ದು. ತೊಟ್ಟಿಲ ಕೊಂಡಿಯ ಬುಡದಲ್ಲಿ ಹಪ್ಪಳದಗಲ ಚಕ್ಕೆ ಕಳಚಿಬಿತ್ತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳಿತ್ತು. ಈಗ ಬಾಣಂತಿ, ಕೂಸು, ನಾವೆಲ್ಲ ಅಂಗಳದ ಚಪ್ಪರದಲ್ಲಿದ್ದೇವೆ. ಮನೆ ಒಡೆಯಬೇಕು.

ನಿನ್ನ ಸಿಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾರುಬೂದಿ. ಅದಕ್ಕೆ ನನ್ನ ತಕರಾರಿಲ್ಲ. ಕಲ್ಲಿದ್ದಲು ಸುಟ್ಟು ಗುಡ್ಡೆ ಬಿದ್ದಿದ್ದ ಬೂದಿ ಗೋಡೆಯಾಗಿದ್ದು ಒಳ್ಳೆಯದೇ. ಆದರೆ ಹಾರುಬೂದಿ ಸೋಮಾರಿ, ಗಟ್ಟಿಯಾಗಲು ಪುರುಸೊತ್ತು ಕೇಳುತ್ತದೆ. ಅದನ್ನು ಬೇಗ ಏಳಿಸಲು ಹಾಕುವ ರಾಸಾಯನಿಕಕ್ಕೆ ನಾವು ‘ಎಬ್ಬಿಸುಪ್ಪು’ ಅನ್ನುತ್ತೇವೆ. ಸುಣ್ಣದ ಜೊತೆ ಸೋಡಿಯಂ ಸಲ್ಫೇಟನ್ನು ಅಳತೆಯಲ್ಲಿ ಬೆರೆಸಿದರೆ ಬೂದಿ ಏಳುತ್ತದೆ, ಕಬ್ಬಿಣವೂ ಉಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಇನ್ನೂ ಬೇಗ ಬಿಗಿಯುತ್ತದೆ, ಆಮೇಲೆ ಒಳಗೇ ಕೂತು ಕಬ್ಬಿಣ ತಿನ್ನುತ್ತದೆ. ನಾನು ಶಾಲೆಯಲ್ಲಿ ಕಲಿತವನಲ್ಲ, ಒಡೆದ ಮಾಳಿಗೆಗಳನ್ನು ನೋಡಿ ನೋಡಿ ತಿಳಿದವನು. ನಿಮಗಾದರೋ ಇದು ಆಗಲೇ ಗೊತ್ತಿತ್ತು. ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ.

ಗೊತ್ತಿದ್ದೂ ನೀನು ಕ್ಲೋರೈಡನ್ನೇ ಸುರಿಸಿದೆ. ಆಷಾಢ ಬರುವುದರೊಳಗೆ ಮಾಳಿಗೆಗೆ ಆಸರೆ ಕೊಟ್ಟ ಹಲಗೆ ಬಿಚ್ಚಿ ಗೃಹಪ್ರವೇಶ ಮಾಡಬೇಕಿತ್ತಲ್ಲ! ಮಳೆಗಾಲದ ಬಾಯಲ್ಲಿ ಮಾಳಿಗೆ ಮುಗಿಸಿ ಊರಿಗೆ ಹೋಳಿಗೆ ಉಣಿಸಿದ ಗಂಡಸು ಎಂದು ನಮ್ಮ ಮನೆತನ ಇಂದಿಗೂ ಕೊಚ್ಚಿಕೊಳ್ಳುತ್ತದೆ. ಒಂದು ತಿಂಗಳು ಕಾಯಲಾಗಲಿಲ್ಲವೇ, ಮುತ್ಯಾ? ನನ್ನಜ್ಜ ತೇಪೆ ಹಾಕಿದ, ಅಪ್ಪ ಹಾಕಿದ, ನಾನು ಹಾಕಿ ಹಾಕಿ ಮುದುಕನಾದೆ.

ಕೂಸಿಗೆ ನಿನ್ನ ಹೆಸರಿಡೋಣ ಎಂದೆ. “ಇದೂ ಅವಸರದ್ದೇ, ಏಳನೇ ತಿಂಗಳಿಗೇ ಬಂದೈತಿ, ಆ ಹೆಸರೇ ಒಪ್ಪತೈತಿ” ಎಂದು ಕೆಂಚಮ್ಮನ ಅತ್ತೆ ಚುಚ್ಚಿದಳು. ಕೆಂಚಮ್ಮ ನಗಲಿಲ್ಲ.

“ಅಜ್ಜಾ, ಹೆಸರಿಟ್ಟ ಮ್ಯಾಲ ದಿನಾ ಕರೀಬೇಕಲ್ಲ. ಆ ಹೆಸರು ನನ್ನ ಬಾಯಾಗ ಬರಂಗಿಲ್ಲ.”

ಅಂದೇ ರಾತ್ರಿ ಈ ಕಾಗದಕ್ಕೆ ಕೂತೆ.

ಈ ಕಾಗದ ಕೈ ಸೇರುವಾಗ ನಿನ್ನಲ್ಲೂ ಜ್ಯೇಷ್ಠವೇ ಇರಬೇಕು, ಮಾಳಿಗೆ ಇನ್ನೂ ಸುರಿದಿರಲಿಕ್ಕಿಲ್ಲ. ಜಗುಲಿಯ ಮೇಲೆ ಇಳಿಸಿರುವ ಆ ಕ್ಲೋರೈಡಿನ ಚೀಲ ವಾಪಸ್ ಕಳಿಸು. ಹಲಗೆ ಆಷಾಢವೆಲ್ಲ ಹಾಗೇ ಇರಲಿ, ಮಾಳಿಗೆಯ ಮೇಲೆ ಒದ್ದೆ ಗೋಣಿತಾಟು ಹೊದಿಸು. ಬೀಗರು ನಕ್ಕರೆ ನಗಲಿ, ಹೋಳಿಗೆ ಶ್ರಾವಣದಲ್ಲೂ ಸಿಹಿಯಾಗೇ ಇರುತ್ತದೆ.

ನಾಮಕರಣವನ್ನು ನಾನೂ ಶ್ರಾವಣಕ್ಕೆ ತಳ್ಳಿದ್ದೇನೆ. ಅಂದು ಮತ್ತೊಮ್ಮೆ ಏಣಿ ಹತ್ತಿ ತಟ್ಟುತ್ತೇನೆ. ನನ್ನ ಮಾತು ಕೇಳಿ ನೀನು ಕಾದಿದ್ದು, ಮಾಳಿಗೆ ಗಟ್ಟಿಯಾಗಿ ದನಿಗೊಟ್ಟರೆ ಕೂಸು ಗದ್ದೆಪ್ಪನೇ, ಕೆಂಚಮ್ಮನನ್ನು ನಾನು ಒಪ್ಪಿಸುತ್ತೇನೆ. ಇಲ್ಲದಿದ್ದರೆ ಸುತ್ತಿಗೆಯ ಮೊದಲ ಏಟು ನನ್ನದು. ನಿನ್ನ ಹೆಸರು ಕೂಗಿಯೇ ಹಾಕುತ್ತೇನೆ.

ಸಿಟ್ಟಿನಲ್ಲೂ ನಿನ್ನವನೇ,
ಹುಲಿಗೆಪ್ಪ